ಪ್ರಕಟಣೆಯ ಪ್ರಕಟಣೆ ಶೀಘ್ರದಲ್ಲೇ

ನಮ್ಮ ಹಾಸನದ ಹುಡುಗರ ಗುಂಪೊಂದು ಹೊಸ ಆಲ್ಬಂ ತರುತ್ತಿದೆ. ಆರು ಹಾಡು. ಈ ವಿಷಯ ಊರಿಗೆಲ್ಲ ಗೊತ್ತು. ಯಾಕೆಂದರೆ ಮೊನ್ನೆ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಒಂದು ಕಪ್ಪು ಪೋಸ್ಟರ್ ಬಂತು. ಅದರ ಮೇಲೆ "ನಾಳೆ ಸಂಜೆ 6.03ಕ್ಕೆ" ಅಂತ ಮಾತ್ರ ಇತ್ತು. ಮಾರನೇ ದಿನ 6.03ಕ್ಕೆ ಸರಿಯಾಗಿ ಇನ್ನೊಂದು ಪೋಸ್ಟರ್. "ಆಲ್ಬಂನ ಹೆಸರು ಪ್ರಕಟಿಸುವ ದಿನಾಂಕವನ್ನು ಭಾನುವಾರ ತಿಳಿಸಲಾಗುವುದು." ಭಾನುವಾರ ದಿನಾಂಕವೂ ಬಂತು. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಆಲ್ಬಂ ಮಾಡುತ್ತಿರುವವರಿಗೂ ಗೊತ್ತಿಲ್ಲ ಅನ್ನೋದು ಆಮೇಲೆ ತಿಳಿಯಿತು.

ಆರರಲ್ಲಿ ಒಂದು ಹಾಡಿನ ಸಾಹಿತ್ಯ ನನ್ನದು. ಹಾಗಾಗಿ ಮಹಾರಾಜ ಪಾರ್ಕ್ ಹತ್ತಿರದ ಹೋಟೆಲಿನ ಮಹಡಿಯಲ್ಲಿ ನಡೆದ ಕ್ಯಾಂಪೇನ್ ಮೀಟಿಂಗ್‌ಗೆ ನನಗೂ ಕರೆ ಬಂತು. ಗಾಯಕ ಬಂದಿದ್ದ. ಕೀಬೋರ್ಡ್ ಹುಡುಗ ಬಂದಿದ್ದ. ಗಣಪತಿ ಪೆಂಡಾಲ್‌ಗಳ ಆರ್ಕೆಸ್ಟ್ರಾದಲ್ಲಿ ತಬಲಾ ನುಡಿಸಿ ನುಡಿಸಿ ತಲೆಕೂದಲು ನೆರೆಸಿಕೊಂಡ ಮೇಷ್ಟ್ರೂ ಬಂದಿದ್ದರು. ನಡುವೆ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗ ಕಂಟೆಂಟ್ ಸ್ಟ್ರಾಟಜಿಸ್ಟ್, ಅಂದರೆ ಯಾವತ್ತು ಏನು ಪೋಸ್ಟ್ ಹಾಕಬೇಕು ಅಂತ ಹೇಳುವವನು. ಹುಟ್ಟೂರು ಇಲ್ಲೇ ಅರಸೀಕೆರೆ. ಆದರೆ ಬಂದಿದ್ದು ಬೆಂಗಳೂರಿನಿಂದ. ಅದಕ್ಕೇ ಫೀಸು ಜಾಸ್ತಿ.

ಅವನ ಎಕ್ಸೆಲ್ ಶೀಟ್ ನೋಡಿ ನನಗೆ ನಿಜಕ್ಕೂ ಗೌರವ ಬಂತು. ಸರ್ಕಾರದ ಬಜೆಟ್‌ನಲ್ಲೂ ಅಷ್ಟು ಬಣ್ಣ ಇರಲ್ಲ. ಟೀಸರ್ ಕೆಂಪು, ಟೀಸರ್‌ಗೆ ಮುಂಚಿನ ಪ್ರೀ-ಟೀಸರ್ ತಿಳಿಗೆಂಪು. ಮೋಷನ್ ಪೋಸ್ಟರ್, ಲಿರಿಕಲ್ ವಿಡಿಯೋ, ಮೇಕಿಂಗ್ ವಿಡಿಯೋ, ಮೇಕಿಂಗ್ ಮಾಡುವಾಗ ನಡೆದ ತಮಾಷೆಗಳ ವಿಡಿಯೋ. ಪ್ರತಿಯೊಂದಕ್ಕೂ ತಾರೀಕು, ಗಂಟೆ, ಹ್ಯಾಶ್‌ಟ್ಯಾಗ್. ಕೊನೆಯ ಕಾಲಂನಲ್ಲಿ 'ಆಡಿಯೋ' ಅಂತ ಇತ್ತು. ಅದರ ಕೆಳಗೆ ಆರು ಮನೆ. ಎರಡರಲ್ಲಿ ಟಿಕ್ ಮಾರ್ಕು, ನಾಲ್ಕು ಖಾಲಿ.

ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು. "ಅಮ್ಮ ಮೊದಲ ಸಲ ಹಾಡು ಕೇಳಿ ಅಳುವುದು. 14ನೇ ತಾರೀಕು, ಸಂಜೆ 4. ಬೆಳಕು ಚೆನ್ನಾಗಿರುತ್ತೆ. ಎರಡು ಟೇಕ್."

"ಅಲ್ಲಪ್ಪ, ಆ ಹಾಡಿನ್ನೂ ರೆಕಾರ್ಡೇ ಆಗಿಲ್ವಲ್ಲ. ಅಮ್ಮ ಏನು ಕೇಳಿ ಅಳ್ತಾರೆ?" ಅಂದೆ.

"ಇಯರ್‌ಫೋನ್ ಹಾಕಿರ್ತಾರೆ ಸಾರ್. ಏನು ಕೇಳ್ತಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತೆ?"

ಗಾಯಕನ ಮುಖ ನೋಡಿದೆ. ಅವನು ಆಗಲೇ ಅಮ್ಮನಿಗೆ ಫೋನ್ ಮಾಡಿ ಯಾವ ಸೀರೆ ಅಂತ ಕೇಳುತ್ತಿದ್ದ.

ಸ್ಟ್ರಾಟಜಿಸ್ಟ್ ಹುಡುಗನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಅವನು ಹೇಳಿದ ಕೆಲವು ಲೆಕ್ಕ ನಿಜವೇ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಯಾರೋ ಒಬ್ಬರು ಕೇಳಿದರು ಅಂತ ಲೆಕ್ಕ. 29ನೇ ಸೆಕೆಂಡಿಗೆ ಮುಂದಕ್ಕೆ ತಳ್ಳಿದರೆ ನೀವು ಹಾಡಿಯೇ ಇಲ್ಲ. 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡದ ಹಾಡಿಗೆ ರಾಯಲ್ಟಿಯೇ ಇಲ್ಲ. ಹಾಡು ಬಿಡುಗಡೆ ಆಗೋದು ಶುಕ್ರವಾರವೇ ಆಗಬೇಕು. 2015ರಿಂದ ಪ್ರಪಂಚದ ಬಹುಪಾಲು ಕಡೆ ಅದೇ ವಾಡಿಕೆ. ಅದಕ್ಕೆ ಕನಿಷ್ಠ ಏಳು ದಿನ ಮುಂಚೆ ಹಾಡು ಅಪ್‌ಲೋಡ್ ಆಗಿ, ಪ್ಲೇಲಿಸ್ಟ್ ಮಾಡುವವರಿಗೆ ಅರ್ಜಿ ಹೋಗಿರಬೇಕು. ರೇಷನ್ ಕಾರ್ಡಿಗೆ ಹಾಕೋ ಅರ್ಜಿಯಲ್ಲಾದರೂ ತಿರಸ್ಕಾರದ ಕಾರಣ ಬರೆದು ಕೊಡುತ್ತಾರೆ. ಇಲ್ಲಿ ಅದೂ ಇಲ್ಲ.

ಇದೆಲ್ಲದರ ಪೆಟ್ಟು ಬಿದ್ದಿದ್ದು ಆಲಾಪಕ್ಕೆ. ಮೊದಲ ಹಾಡು ಮೋಹನ ರಾಗದಲ್ಲಿ ನಿಧಾನವಾಗಿ ಏಳುತ್ತದೆ. ಗಾಯಕ ಅದನ್ನು ಚೆನ್ನಾಗಿಯೇ ಹಾಡಿದ್ದಾನೆ. "ಸೂಪರ್ ಬ್ರೋ, ಆದ್ರೆ ನಿಮ್ಮ ಆಲಾಪ ಮುಗಿಯೋದ್ರೊಳಗೆ ಜನ ಮುಗಿದಿರ್ತಾರೆ" ಅಂತ ಹೇಳಿ ಅದನ್ನು ಕತ್ತರಿಸಿದರು. ಪಲ್ಲವಿ ಮೊದಲಿಗೆ ಬಂತು. ಆಮೇಲೆ ಪಲ್ಲವಿಯ ಎರಡನೇ ಸಾಲು ಮೊದಲಿಗೆ ಬಂತು. ಈಗ ಹಾಡು ಶುರುವಾಗುವುದೇ ಮುಗಿಯುವ ಜಾಗದಲ್ಲಿ.

ಕ್ಯಾಸೆಟ್ ಕಾಲದವರಿಗೆ ಈ ಅವಸರ ಅರ್ಥವಾಗಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದೊಂದು ಮಗ್ಗುಲಿಗೆ 30 ನಿಮಿಷ. ಬೇಡದ ಹಾಡು ದಾಟಿಸಬೇಕೆಂದರೆ ಎದ್ದು ಹೋಗಿ ಬಟನ್ ಒತ್ತಬೇಕಿತ್ತು. ಒತ್ತಿದರೂ ಸರಿಯಾದ ಜಾಗದಲ್ಲಿ ನಿಲ್ಲುವ ಗ್ಯಾರಂಟಿ ಇರಲಿಲ್ಲ. ಹಾಗಾಗಿ ಜನ ಸುಮ್ನೆ ಕೇಳುತ್ತಿದ್ದರು. ಬಿ ಸೈಡಿನ ಮೂರನೇ ಹಾಡು ನಮಗೆ ಇಷ್ಟವಾಗಿದ್ದರೆ ಅದರಲ್ಲಿ ನಮ್ಮ ರಸಿಕತೆಗಿಂತ ಸೋಮಾರಿತನದ ಪಾಲೇ ಜಾಸ್ತಿ.

ನನ್ನ ಹಾಡಿನ ಸರದಿ ಬಂತು. ಅದರಲ್ಲಿ ಹೇಮಾವತಿ ನದಿ ಬರುತ್ತದೆ. ಹುಡುಗ ಎರಡು ಸಲ ಓದಿದ.

"ಸಾರ್, ಈ ಹೇಮಾವತಿ..."

"ನದಿಯಪ್ಪ. ನಿಂಗೊತ್ತಿಲ್ವಾ?"

"ಗೊತ್ತು ಸಾರ್. ಆದ್ರೆ ನದಿಗೆ ಫಾಲೋವರ್ಸ್ ಇಲ್ಲ. ಹುಡುಗಿ ಹೆಸರು ಅಂತಲೇ ಬಿಟ್ಬಿಡೋಣ. ಆ ಹೆಸರಿನವರನ್ನೆಲ್ಲ ಟ್ಯಾಗ್ ಮಾಡಿ ಅಂತ ಒಂದು ಪೋಸ್ಟ್ ಹಾಕಬಹುದು."

ಸರಿ ಅಂದೆ. ಮೇಕೆದಾಟಿಗೂ ಮಹದಾಯಿಗೂ ಇಷ್ಟು ವರ್ಷ ನಡೆದ ಜಗಳದಲ್ಲಿ ಯಾರಿಗೂ ಈ ಉಪಾಯ ಹೊಳೆದಿಲ್ಲ.

ಆಮೇಲೆ ಲೊಕೇಶನ್. ಇಲ್ಲಿ ಎಲ್ಲರಿಗೂ ಜೀವ ಬಂತು. ಹಾಡಿನ ಬಗ್ಗೆ ಮಾತಾಡುವಾಗ ಫೋನ್ ನೋಡುತ್ತಿದ್ದವರು ಕುರ್ಚಿ ಮುಂದಕ್ಕೆಳೆದುಕೊಂಡರು. ಹಾಸನದ ಸುತ್ತ ವಿಡಿಯೋ ಮಾಡುವವರು ಕೇಳುವ ಮೊದಲ ಜಾಗ ಶೆಟ್ಟಿಹಳ್ಳಿ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಅದು ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ. ಬೇಸಿಗೆಯಲ್ಲಿ ಪೂರ್ತಿ ಹೊರಗೆ ಬಂದು ದನ ಮೇಯುವ ಬಯಲಿನ ನಡುವೆ ನಿಂತಿರುತ್ತದೆ. ನಮ್ಮ ಮೀಟಿಂಗ್ ನಡೆದಿದ್ದು ಏಪ್ರಿಲ್‌ನಲ್ಲಿ.

"ಚರ್ಚ್ ಪೂರ್ತಿ ಕಂಡ್ರೆ ಫೀಲ್ ಬರಲ್ಲ ಸಾರ್. ಮುಳುಗಿರಬೇಕು. ಪರವಾಗಿಲ್ಲ, ಗ್ರಾಫಿಕ್ಸ್‌ನಲ್ಲಿ ಮುಳುಗಿಸೋಣ."

ಅಲ್ಲಿಯವರೆಗೆ ಬಾಯಿ ಬಿಡದ ತಬಲಾ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಮುಳುಗಿಸೋಕೆ ಗ್ರಾಫಿಕ್ಸ್ ಯಾಕಪ್ಪ? ಈ ಬಜೆಟ್ಟೇ ಸಾಕು."

ಯಾರೂ ನಗಲಿಲ್ಲ. ಹುಡುಗ ಮಾತ್ರ "ಇದನ್ನ ರೀಲ್ ಮಾಡೋಣ ಮೇಷ್ಟ್ರೇ, ಇನ್ನೊಂದ್ಸಲ ಹೇಳ್ತೀರಾ?" ಅಂದ.

ಚರ್ಚನ್ನು ಮುಳುಗಿಸಬೇಕೆಂದ ಅದೇ ವಾರ ಅವನಿಗೆ ಕಾಫಿ ಹೂವೂ ಬೇಕಿತ್ತು. ಸಕಲೇಶಪುರದ ತೋಟವೊಂದರ ಯಜಮಾನರಿಗೆ ಅಲ್ಲಿಂದಲೇ ಫೋನ್ ಹೋಯಿತು. ಸ್ಪೀಕರ್ ಆನ್. "ಅಂಕಲ್, 11ನೇ ತಾರೀಕು ಹೂ ಸಿಗುತ್ತಾ?" ಯಜಮಾನರು ಸಮಾಧಾನವಾಗಿ ವಿವರಿಸಿದರು. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು-ಮೂರು ದಿನಕ್ಕೆ ಹೂ ಬಾಡುತ್ತದೆ. ಮಳೆ ಯಾವಾಗ ಬೀಳುತ್ತೆ ಅಂತ ಗೊತ್ತಿದ್ದಿದ್ದರೆ ನಾನ್ಯಾಕೆ ಬ್ಯಾಂಕ್ ಸಾಲದಲ್ಲಿರುತ್ತಿದ್ದೆ ಅಂತಲೂ ಕೇಳಿದರು. ಹುಡುಗ ಬಿಡಲಿಲ್ಲ. "ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸ್ತಾರಂತಲ್ಲ ಅಂಕಲ್?" ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. "ಬರಿಸ್ತೀವಿ. ರೊಬಸ್ಟಾ ತಳಿ ಕಾಫಿಗೆ. ಕೆರೆಯಲ್ಲಿ ನೀರಿದ್ರೆ. ಡೀಸೆಲ್ ದುಡ್ಡು ನೀವು ಕೊಡ್ತೀರಾ?" ಕಾಲ್ ಕಟ್ಟಾಯಿತು. ಶೀಟ್‌ನಲ್ಲಿ ಹೂವಿನ ಮನೆ ಮಾತ್ರ ಹಸಿರಾಗಿಯೇ ಉಳಿಯಿತು. ಕನ್ಫರ್ಮ್ ಅಂತ ಅರ್ಥ.

ಮಂಜರಾಬಾದ್ ಕೋಟೆಯೂ ಪಟ್ಟಿಯಲ್ಲಿತ್ತು. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಒಳಗೆ ಹೋಗಿ ನಿಂತರೆ ನಕ್ಷತ್ರ ಕಾಣಲ್ಲ, ಗೋಡೆ ಕಾಣುತ್ತದೆ. ಮೇಲಿಂದಲೇ ನೋಡಬೇಕು, ಅಂದರೆ ಡ್ರೋನ್. ಅನುಮತಿ ಅಂದೆ. "ಅನುಮತಿ ಸಿಗದಿದ್ರೆ ಅದೂ ಕಂಟೆಂಟೇ ಸಾರ್. 'ನಮ್ಮನ್ನ ತಡೆದರು' ಅಂತ ಹಾಕಬಹುದು."

ಚಿಕ್ಕಮಗಳೂರಿನ ಭಾಗ ಜನವರಿಯಲ್ಲೇ ಮುಗಿದಿತ್ತಂತೆ. ಮುಳ್ಳಯ್ಯನಗಿರಿ, 1,930 ಮೀಟರ್, ರಾಜ್ಯದ ಅತಿ ಎತ್ತರದ ಶಿಖರ. ಹೋಗಿದ್ದು ಭಾನುವಾರ. ಬೆಟ್ಟದ ದಾರಿಯಲ್ಲಿ ಕಾರುಗಳ ಸಾಲಿನಲ್ಲೇ ಬೆಳಗ್ಗೆ ಕಳೆಯಿತು. ಮೇಲೆ ಮುಟ್ಟುವ ಹೊತ್ತಿಗೆ ಮಂಜು ಎಷ್ಟು ಕವಿದಿತ್ತೆಂದರೆ ಕ್ಯಾಮೆರಾಗೆ ಗಾಯಕ ಕಾಣಲಿಲ್ಲ, ಗಾಯಕನಿಗೆ ಕ್ಯಾಮೆರಾ ಕಾಣಲಿಲ್ಲ. ಪೂರ್ತಿ ಫೂಟೇಜ್ ಬಿಳಿ. ಅದನ್ನೇ ಪ್ರೀ-ಟೀಸರ್ ಅಂತ ಬಿಟ್ಟರು. "ಏನೋ ಬರ್ತಿದೆ" ಅಂತ ಮೇಲೆ ಬರೆದರು. ಇಡೀ ಕ್ಯಾಂಪೇನ್‌ನಲ್ಲಿ ಸತ್ಯಕ್ಕೆ ಹತ್ತಿರವಾದ ವಿಡಿಯೋ ಅಂದರೆ ಅದೊಂದೇ.

ಇಷ್ಟೆಲ್ಲ ಮಾತು ನಡೆಯುವಾಗ ಹೊರಗೆ ಗುಡುಗು ಶುರುವಾಯಿತು. ಏಪ್ರಿಲ್ ಸಂಜೆಯ ಮಳೆ, ಹೋಟೆಲಿನ ತಗಡಿನ ಮೇಲೆ ದಬದಬ ಸುರಿಯಿತು. ಕೀಬೋರ್ಡ್ ಹುಡುಗ ಅದೇ ಹೊತ್ತಿಗೆ ಮೂರನೇ ಹಾಡಿನ ಮುನ್ನುಡಿಗೆ ಮಳೆ ಸದ್ದು ಹುಡುಕುತ್ತಿದ್ದ. ಇಂಟರ್ನೆಟ್ಟಿನಲ್ಲಿ ಯಾವುದೋ ದೇಶದ ಕಾಡಿನ ಮಳೆ ಸಿಕ್ಕಿತು, ದುಡ್ಡು ಕೊಟ್ಟು ತಗೋಬೇಕು. ಕೇಳಿಸಿಕೊಳ್ಳಲು ಆಗುತ್ತಿಲ್ಲ ಅಂತ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ.

ಬಜೆಟ್ಟಿನ ದೊಡ್ಡ ಪಾಲು ಇನ್‌ಫ್ಲುಯೆನ್ಸರ್‌ಗಳಿಗೆ. ಅದರ ವಿವರ ಬೇಡ. ಒಂದೇ ಮಾತು ಹೇಳುತ್ತೇನೆ. ದುಡ್ಡು ಕೊಟ್ಟು ಮಾಡಿಸುವ ರೀಲ್‌ಗಳು ಹದಿನೈದು, ಅವುಗಳಲ್ಲಿ 'ತಾವಾಗಿಯೇ ಇಷ್ಟಪಟ್ಟು ಮಾಡಿದ್ದು' ಎಂಬ ತಲೆಬರಹದ ಕೆಳಗೆ ಒಂಬತ್ತು. ಹಾಸನ ಆಕಾಶವಾಣಿಗೆ ಒಂದು ಸಿಡಿ ಕೊಟ್ಟು ಬರೋಣ ಅಂತ ಮೇಷ್ಟ್ರು ಅಂದರು. ಅಲ್ಲಿ ವ್ಯೂಸ್ ಎಷ್ಟು ಕಾಣುತ್ತೆ ಅಂತ ಹುಡುಗ ಕೇಳಿದ. ಕಾಣಲ್ಲ, ಜನ ಕೇಳ್ತಾರೆ ಅಷ್ಟೇ ಅಂದರು. ಹಾಗಾದ್ರೆ ಬೇಡ ಅಂತ ತೀರ್ಮಾನವಾಯಿತು.

ಊರಿನ ಬೇರು ಬೇಕು ಅಂತ ಯಾರೋ ಅಂದಾಗ ಹುಡುಗನಿಗೆ ಹೊಳೆದಿದ್ದು ಹಾಸನಾಂಬೆ. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿಯ ಬಾಗಿಲು ತೆರೆಯುತ್ತದೆ. ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ. ಆಮೇಲೆ ಮುಂದಿನ ವರ್ಷಕ್ಕೇ. ಆ ಕೆಲವು ದಿನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಸಾವಿರ ರೂಪಾಯಿ ಟಿಕೆಟ್ ತಗೊಂಡವರೂ ಸಾಲಿನಲ್ಲಿ ನಿಲ್ಲುತ್ತಾರೆ.

"ನೋಡಿ ಸಾರ್, ಟೀಸರ್ ಇಲ್ಲ, ಟ್ರೇಲರ್ ಇಲ್ಲ, ಆದ್ರೂ ಕ್ಯೂ! ನಾವೂ ಅದೇ ಮಾಡೋಣ. ಆಲ್ಬಂ ವರ್ಷಕ್ಕೊಂದ್ಸಲ ಮಾತ್ರ ಓಪನ್. ಉಳಿದ ದಿನ ಬಾಗಿಲು ಬಂದ್."

"ನಮ್ಮ ಹಳೇ ಹಾಡುಗಳು ವರ್ಷವಿಡೀ ಬಾಗಿಲು ತೆಗೆದೇ ಇವೆ ಅಣ್ಣ. ಒಬ್ರೂ ಬಂದಿಲ್ಲ" ಅಂದ ಗಾಯಕ, ಪಾಪ.

ಈ ಜಿಲ್ಲೆಯಲ್ಲಿ ಸುಮ್ಮನಿದ್ದು ಜನರನ್ನು ಕರೆಸಿಕೊಳ್ಳುವುದು ಹಳೇ ವಿದ್ಯೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆಯುವುದು 12 ವರ್ಷಕ್ಕೊಮ್ಮೆ. ಹಿಂದಿನದು 2018ರಲ್ಲಿ ಆಗಿದೆ. ನಡುವೆ ಗೊಮ್ಮಟ ಒಂದು ಸ್ಟೋರಿಯನ್ನೂ ಹಾಕಿಲ್ಲ. ಇದನ್ನು ನಾನು ಹೇಳಿದ್ದೇ ತಪ್ಪಾಯಿತೇನೋ, ಹುಡುಗ 'ಲಾಂಗ್ ಗ್ಯಾಪ್' ಅಂತ ಬರೆದುಕೊಂಡ.

ಕೊನೆಗೆ ಪೋಸ್ಟರ್ ಬಂತು. ಗಾಯಕನ ಹೆಸರು ದೊಡ್ಡದು, ಸರಿ. ಅದರ ಕೆಳಗೆ ಡ್ರೋನ್ ಹಾರಿಸುವವನು, ಕಲರಿಸ್ಟ್, ಕ್ಯಾಂಪೇನ್ ಪಾರ್ಟ್‌ನರ್, ಎನರ್ಜಿ ಡ್ರಿಂಕ್ ಪಾರ್ಟ್‌ನರ್. ತಬಲಾ ಇಲ್ಲ. ಸಾಹಿತ್ಯ ಇಲ್ಲ. ಜಾಗ ಸಾಲಲಿಲ್ಲವಂತೆ. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಅಲ್ಲಿ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗಲೂ ಆ ಹೆಸರುಗಳು ಅಲ್ಲೇ ಇದ್ದವು. ಉಳಿ ಅವರ ಕೈಯಲ್ಲೇ ಇತ್ತಲ್ಲ, ಅದೊಂದು ಅನುಕೂಲ. ನಮಗೆ ಪೋಸ್ಟರಿನ ಪಾಸ್‌ವರ್ಡ್ ಕೂಡ ಗೊತ್ತಿಲ್ಲ.

ಮೀಟಿಂಗ್ ಮುಗಿಯುವ ಮುಂಚೆ ಬಿಡುಗಡೆಯ ಮಾರನೇ ದಿನದ ಪೋಸ್ಟರನ್ನೂ ತೋರಿಸಿದರು. "ನಿಮ್ಮ ಪ್ರೀತಿಗೆ ಶರಣು. ಇಷ್ಟು ಲಕ್ಷ ವೀಕ್ಷಣೆ!" 'ಇಷ್ಟು' ಇರುವ ಜಾಗದಲ್ಲಿ ಆಮೇಲೆ ಅಂಕಿ ತುಂಬುತ್ತಾರಂತೆ. ಸಕ್ಸಸ್ ಮೀಟ್‌ಗೆ ಹಾಸನಾಂಬ ಕಲಾಕ್ಷೇತ್ರ ಖಾಲಿ ಇದೆಯಾ ಅಂತ ವಿಚಾರಿಸಿಯೂ ಆಗಿದೆ. ಸಕ್ಸಸ್ ಮೀಟ್‌ನ ಟೀಸರ್ ಗುರುವಾರ ರಾತ್ರಿ ಬರುತ್ತದೆ, ಹಾಡಿಗಿಂತ ಮೂರು ಗಂಟೆ ಮುಂಚೆ.

ಮೇಷ್ಟ್ರು ತಬಲಾ ಚೀಲ ಹೆಗಲಿಗೇರಿಸಿಕೊಂಡು ಎದ್ದರು. "ಉಳಿದ ನಾಲ್ಕು ಹಾಡಿನ ರೆಕಾರ್ಡಿಂಗ್ ಯಾವತ್ತಪ್ಪ? ನಾನು ಆ ದಿನ ಮದುವೆ ಪ್ರೋಗ್ರಾಂ ಒಪ್ಕೊಳಲ್ಲ."

ಹುಡುಗ ಶೀಟ್ ಮೇಲೆ ಕೆಳಗೆ ಓಡಿಸಿದ. ಬಲಕ್ಕೆ ಓಡಿಸಿದ. ಬಣ್ಣವಿಲ್ಲದ ಒಂದು ದಿನವೂ ಸಿಗಲಿಲ್ಲ.

"ರಿಲೀಸ್ ಆಗ್ಲಿ ಮೇಷ್ಟ್ರೇ, ಆಮೇಲೆ ಮಾಡೋಣ."