ಬೆಟ್ಟ ಅಡ್ಡ ಬಂದಿದ್ದಕ್ಕೆ ಸಿಕ್ಕ ಊರು

ಬ್ರೇಕಿಂಗ್ ಬ್ಯಾಡ್ ಅನ್ನೋ ಅಮೆರಿಕನ್ ಟಿವಿ ಸೀರೀಸ್ ನೋಡಿದವರು ಅದರ ನಾಯಕ, ಡ್ರಗ್ಸ್ ತಯಾರಿಸಲು ಇಳಿದ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಆ ಕಥೆ ನಡೆಯುವ ಊರಿನ ಬಗ್ಗೆ ಹೇಳಬೇಕು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ. ಆ ಸೀರೀಸ್‌ಗೆ ಅರ್ಧ ಜೀವ ತುಂಬಿದ್ದೇ ಆ ಊರು.

ಮೊದಲು ಕಥೆ ಅಲ್ಲಿನದ್ದೇ ಅಲ್ಲ. ಸೀರೀಸ್ ಸೃಷ್ಟಿಸಿದ ವಿನ್ಸ್ ಗಿಲ್ಲಿಗನ್ ಬರೆದಿದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ನಡೆಯುವ ಕಥೆ. ನ್ಯೂ ಮೆಕ್ಸಿಕೋ ಸರ್ಕಾರ ಶೂಟಿಂಗ್ ಖರ್ಚಿನಲ್ಲಿ ಶೇ. 25ರಷ್ಟು ವಾಪಸ್ ಕೊಡುತ್ತಿತ್ತು, ತಂಡ ಅಲ್ಲಿಗೆ ಹೋಯಿತು. ಅಲ್ಲಿ ಶೂಟ್ ಮಾಡಿ ರಿವರ್‌ಸೈಡ್ ಅಂತ ನಂಬಿಸಬಹುದಿತ್ತು. ಎಷ್ಟೋ ಸೀರೀಸ್‌ಗಳು ಮಾಡುವುದೇ ಅದನ್ನ. ಆದರೆ ಊರಿನ ಪೂರ್ವಕ್ಕೆ 10,678 ಅಡಿ ಎತ್ತರದ ಸ್ಯಾಂಡಿಯಾ ಬೆಟ್ಟ ನಿಂತಿದೆ. ಕ್ಯಾಮೆರಾ ಆ ಕಡೆ ತಿರುಗಿದರೆ ಸಾಕು, ಗುಟ್ಟು ರಟ್ಟು. ಪ್ರತಿ ಶಾಟ್‌ನಲ್ಲೂ ಬೆಟ್ಟ ತಪ್ಪಿಸುತ್ತಾ ಕೂರೋ ಬದಲು ಗಿಲ್ಲಿಗನ್ ಕಥೆಯನ್ನೇ ಆಲ್ಬುಕರ್ಕಿಗೆ ತಂದರು. ದುಡ್ಡು ಉಳಿಸಲು ಹೋದವರು ಊರನ್ನು ಊರಾಗಿಯೇ ತೋರಿಸುವ ಧೈರ್ಯ ಮಾಡಿದರು. ನನಗೆ ಅದು ತುಂಬಾ ದೊಡ್ಡದು.

ಅದರ ಫಲ ಪರದೆ ಮೇಲೆ ಕಾಣುತ್ತದೆ. ಅಗಲವಾದ ರಸ್ತೆಗಳು, ಗಿಡ್ಡ ಕಟ್ಟಡಗಳು, ಅವುಗಳ ಮೇಲೆ ಮುಗಿಯದ ಆಕಾಶ. ನೆರಳೇ ಇಲ್ಲದ ಬಿಸಿಲು. ವಾಲ್ಟರ್ ಕೆಲಸ ಮಾಡುವ ಕಾರ್ ವಾಶ್ ನಿಜವಾದ ಕಾರ್ ವಾಶ್. ವಕೀಲ ಸಾಲ್ ಗುಡ್‌ಮನ್ ಆಫೀಸ್ ಇರುವುದು ಸಾಮಾನ್ಯ ಅಂಗಡಿ ಸಾಲಿನಲ್ಲಿ. ಹೊರಗೆ ಹೋಟೆಲ್ ಮಾಲೀಕ, ಒಳಗೆ ಡ್ರಗ್ಸ್ ದಂಧೆಯ ದೊರೆ ಆಗಿರುವ ಗಸ್ ಫ್ರಿಂಗ್‌ನ ಚಿಕನ್ ಹೋಟೆಲು ಲೋಸ್ ಪೊಯೋಸ್ ಎರ್ಮಾನೋಸ್ ಅಂದರೆ ನಿಜದಲ್ಲಿ ಟ್ವಿಸ್ಟರ್ಸ್ ಅನ್ನೋ ಹೋಟೆಲು, ಐಸ್ಲೆಟಾ ರಸ್ತೆಯಲ್ಲಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಿರಾಕಿಗಳ ಹತ್ತಿರ ನಗುನಗುತ್ತಾ ಮಾತಾಡುವ ಗಸ್‌ನನ್ನು ನೆನಪಿಸಿಕೊಳ್ಳಿ. ಜನ ದಿನಾ ಊಟಕ್ಕೆ ಬರುವಂಥ ಜಾಗದಲ್ಲಿ ಅವನು ನಿಂತಿರುವುದರಿಂದಲೇ ಆ ನಗು ಅಷ್ಟು ಹೆದರಿಸುತ್ತದೆ, ಅಲ್ವಾ? ಸೆಟ್ ಹಾಕಿ ಇದನ್ನು ತರುವುದು ಕಷ್ಟ.

ಕ್ರೊಯೇಷಿಯಾದ ಡುಬ್ರೋವ್ನಿಕ್ ಕಥೆ ಬೇರೆ. ಗೇಮ್ ಆಫ್ ಥ್ರೋನ್ಸ್ ಸೀರೀಸ್‌ನ 2ನೇ ಸೀಸನ್‌ನಿಂದ ಅದು ಕಿಂಗ್ಸ್ ಲ್ಯಾಂಡಿಂಗ್ ಅನ್ನೋ ಕಾಲ್ಪನಿಕ ರಾಜಧಾನಿ ಆಯಿತು. ಕಲ್ಪನೆಯ ಲೋಕಕ್ಕೆ ಬೇರೆ ಹೆಸರು ಬೇಕೇ ಬೇಕು, ಅದನ್ನು ತಪ್ಪು ಅನ್ನುವುದಿಲ್ಲ. ಆದರೂ ಸಂಕಟ ಆಗುತ್ತದೆ. ಅಲ್ಲಿನ ಜೆಸ್ಯೂಟ್ ಮೆಟ್ಟಿಲುಗಳು ಈಗ ಆ ಸೀರೀಸ್‌ನ ರಾಣಿ ಸರ್ಸೀ ನಡೆದ ಮೆಟ್ಟಿಲು ಅಂತ ಫೇಮಸ್. ಅದೇ ಊರಿನ ಮೇಲೆ 1991ರ ಯುದ್ಧದಲ್ಲಿ ಶೆಲ್ ಬಿದ್ದವು, ಛಾವಣಿಗಳು ಒಡೆದವು. ಹೊಳೆಯುವ ಕೆಂಪು ಹೆಂಚುಗಳಲ್ಲಿ ಎಷ್ಟೋ ಯುದ್ಧದ ನಂತರ ಹೊದಿಸಿದವು. ಫೋಟೋ ತೆಗೆಯುವ ಎಷ್ಟು ಜನ ಅದನ್ನು ಕೇಳಿ ತಿಳಿದುಕೊಳ್ಳುತ್ತಾರೆ?

ಆಲ್ಬುಕರ್ಕಿಗೂ ಬಿಸಿ ತಟ್ಟದೆ ಇಲ್ಲ. ವಾಲ್ಟರ್ ಸಿಟ್ಟಿನಲ್ಲಿ ಪಿಜ್ಜಾ ಎಸೆದು ಅದು ಛಾವಣಿ ಮೇಲೆ ಹೋಗಿ ಕೂತಿತಲ್ಲ, ಆ ಮನೆ ಸೆಟ್ ಅಲ್ಲ. ಒಳಗಿನ ದೃಶ್ಯಗಳನ್ನಷ್ಟೇ ಸ್ಟುಡಿಯೋದಲ್ಲಿ ತೆಗೆದಿದ್ದು. ಹೊರಗೆ ಕಾಣುವುದು ಒಂದು ಕುಟುಂಬ ವರ್ಷಗಳಿಂದ ಬಾಳಿದ ಮನೆ. ಅಭಿಮಾನಿಗಳು ಅಲ್ಲಿಗೆ ಹೋಗಿ ಛಾವಣಿ ಮೇಲೆ ನಿಜವಾಗಿಯೂ ಪಿಜ್ಜಾ ಎಸೆಯಲು ಶುರು ಮಾಡಿದರು. 2015ರಲ್ಲಿ ಸ್ವತಃ ಗಿಲ್ಲಿಗನ್ ದಯವಿಟ್ಟು ನಿಲ್ಲಿಸಿ ಅಂತ ಕೇಳಿಕೊಳ್ಳಬೇಕಾಯಿತು. 2017ರಲ್ಲಿ ಮನೆಯವರು ಕಬ್ಬಿಣದ ಬೇಲಿ ಹಾಕಿಸಿದರು. ತಮ್ಮದೇ ಮನೆ ಮುಂದೆ! ಓದಿದಾಗ ನನಗೆ ನಿಜಕ್ಕೂ ಕೋಪ ಬಂತು. ಇದು ಅಭಿಮಾನ ಅಲ್ಲ, ಕಿರುಕುಳ.

ಹಾಗಂತ ಲೊಕೇಶನ್ ನೋಡಲು ಹೋಗಲೇಬೇಡಿ ಅನ್ನುತ್ತಿಲ್ಲ. ಖಂಡಿತ ಹೋಗಿ. 2022ರಲ್ಲಿ ಕನ್ವೆನ್ಷನ್ ಸೆಂಟರ್‌ನಲ್ಲಿ ವಾಲ್ಟರ್, ಅವನ ಜೊತೆಗಾರ ಜೆಸ್ಸಿ ಇಬ್ಬರ ಕಂಚಿನ ಪ್ರತಿಮೆ ಇಟ್ಟಿದ್ದಾರೆ, ಪಕ್ಕದಲ್ಲಿ ನಿಂತು ಬೇಕಾದಷ್ಟು ಫೋಟೋ ತೆಗೆಸಿಕೊಳ್ಳಿ. ಟ್ವಿಸ್ಟರ್ಸ್‌ನಲ್ಲಿ ಕೂತು ಬರಿಟೋ ತಿನ್ನಿ. ವ್ಯಾಪಾರ ಮಾಡುವವರಿಗೆ ಜನ ಬಂದರೆ ಒಳ್ಳೆಯದೇ. ಆ ಮನೆಯ ಕಡೆ ಮಾತ್ರ ದಯವಿಟ್ಟು ಹೋಗಬೇಡಿ.