ಕೆಲಸಕ್ಕೆ ಕರೆಯಬೇಡಿ, ಊಟಕ್ಕೆ ಮರೆಯಬೇಡಿ

2023ರ ನವೆಂಬರ್ 11ರ ಶನಿವಾರ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಮಿಸಿಸಿಪಿ ಸ್ಟೇಟ್ ತಂಡವನ್ನು 51-10ರಿಂದ ಸದೆಬಡಿಯಿತು. ಮರುದಿನ ಭಾನುವಾರ, ಗೆದ್ದ ತಂಡದ ಕೋಚ್ ಜಿಂಬೊ ಫಿಷರ್ ಅವರಿಗೆ ಕೆಲಸದಿಂದ ಗೇಟ್‌ಪಾಸ್ ಸಿಕ್ಕಿತು. ಬರಿಗೈಯಲ್ಲಿ ಕಳಿಸಿದರು ಎಂದು ಯಾರೂ ಮರುಗಬೇಕಾಗಿಲ್ಲ. ಅವರನ್ನು ಮನೆಯಲ್ಲಿ ಕೂರಿಸುವುದಕ್ಕೆ ವಿಶ್ವವಿದ್ಯಾಲಯ ತೆರಬೇಕಾದ ಮೊತ್ತ 7.6 ಕೋಟಿ ಡಾಲರಿಗೂ ಮಿಗಿಲು. ಆಗಿನ ದರದಲ್ಲಿ ಸುಮಾರು 630 ಕೋಟಿ ರೂಪಾಯಿ. ಅರವತ್ತು ದಿನದೊಳಗೆ 1.9 ಕೋಟಿ ಡಾಲರ್ ಇಡುಗಂಟು, ಉಳಿದದ್ದು 2031ರವರೆಗೆ ವರ್ಷಕ್ಕೆ 72 ಲಕ್ಷ ಡಾಲರಿನ ಕಂತು. ಬೇರೆ ಕಡೆ ನೌಕರಿ ಹಿಡಿದರೂ ಈ ಕಂತಿನಲ್ಲಿ ಒಂದು ಕಾಸು ಕಡಿತವಿಲ್ಲ ಎಂದು ಕರಾರಿನಲ್ಲೇ ಬರೆದಿತ್ತು. ಈಗ ಅವರು ಎಸಿಸಿ ನೆಟ್‌ವರ್ಕ್ ಎಂಬ ಕ್ರೀಡಾ ವಾಹಿನಿಯಲ್ಲಿ ಕುಳಿತು ಇತರ ಕೋಚ್‌ಗಳು ಮಾಡುವ ತಪ್ಪುಗಳನ್ನು ವಿಶ್ಲೇಷಿಸುತ್ತಾರೆ. ತಪ್ಪು ಮಾಡುವುದರಲ್ಲಿ ಅವರಿಗಿರುವ ಅನುಭವವನ್ನು ಪ್ರಶ್ನಿಸುವ ಧೈರ್ಯ ಯಾರಿಗಿದೆ?

ಆದರೆ ಫಿಷರ್ ಅವರನ್ನು ಬೈದು ಪ್ರಯೋಜನವಿಲ್ಲ. ಕೊಟ್ಟವನು ಕೋಡಂಗಿಯಾದರೆ ಇಸಿದುಕೊಂಡವನು ವೀರಭದ್ರನಾಗುವುದು ಲೋಕರೂಢಿ. ನೋಡಬೇಕಾದದ್ದು ಕೊಟ್ಟವರನ್ನು, ಕೊಡಿ ಕೊಡಿ ಎಂದು ಅವರ ಬೆನ್ನು ಹತ್ತಿದ ಅಭಿಮಾನಿಗಳನ್ನು.

ಈ ವಿಶ್ವವಿದ್ಯಾಲಯವಿರುವ ಕಾಲೇಜ್ ಸ್ಟೇಷನ್ ಎಂಬ ಊರಿನ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ವಿದ್ಯಾರ್ಥಿಗಳು ಪಂದ್ಯದುದ್ದಕ್ಕೂ ಕೂರುವುದಿಲ್ಲ. ಕೂತರೆ ಸಂಪ್ರದಾಯಕ್ಕೆ ಭಂಗ. ತಂಡದ ಹನ್ನೆರಡನೆಯ ಆಟಗಾರ ತಾವೇ ಎಂಬುದು ಅವರ ನಂಬಿಕೆ. ಪಂದ್ಯದ ಹಿಂದಿನ ರಾತ್ರಿ ಹನ್ನೆರಡು ಗಂಟೆಗೆ ಸಾವಿರಾರು ಮಂದಿ ಅದೇ ಕ್ರೀಡಾಂಗಣದಲ್ಲಿ ಸೇರಿ, ಮರುದಿನ ಕೂಗಬೇಕಾದದ್ದನ್ನು ಕೂಗಿ ಅಭ್ಯಾಸ ಮಾಡುತ್ತಾರೆ. ಕೂಗಿಸುವುದಕ್ಕೆ ಬಿಳಿ ಬಟ್ಟೆ ತೊಟ್ಟ ನಾಯಕರಿದ್ದಾರೆ, ಅವರನ್ನು ಆರಿಸುವುದಕ್ಕೆ ವಿದ್ಯಾರ್ಥಿಗಳ ನಡುವೆ ಚುನಾವಣೆಯೂ ನಡೆಯುತ್ತದೆ. ಇನ್ನು ಸೋಲಿನ ವಿಚಾರಕ್ಕೆ ಬಂದರೆ, ಅಲ್ಲಿ ತಲೆತಲಾಂತರದಿಂದ ಒಂದು ಮಾತಿದೆ: ನಮ್ಮವರು ಸೋಲುವುದಿಲ್ಲ, ಅವರಿಗೆ ಸಮಯ ಸಾಲುವುದಿಲ್ಲ ಅಷ್ಟೇ. ಫಿಷರ್ ಅವರಿಗೂ ಆದದ್ದು ಅದೇ. ಸಮಯ ಸಾಲಲಿಲ್ಲ, ಹಣ ಸಾಲದೆ ಹೋಯಿತು ಎಂದು ಯಾರೂ ದೂರುವಂತಿಲ್ಲ.

ಈ ತಂಡ ಕೊನೆಯ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆದದ್ದು 1939ರಲ್ಲಿ. ಒಂದು ಐಪಿಎಲ್ ಕಪ್ಪಿಗಾಗಿ ಹದಿನೆಂಟನೆಯ ಸೀಸನ್‌ವರೆಗೆ ಕಾದ ಬೆಂಗಳೂರಿನವರು ಈ ವಿಷಯದಲ್ಲಿ ಯಾರನ್ನೂ ನೋಡಿ ನಗುವಂತಿಲ್ಲ ನಿಜ. ಆದರೆ ಗೆಲ್ಲುವ ಮೊದಲೇ ಫಲಕ ಕೆತ್ತಿಸುವ ಮಟ್ಟಕ್ಕೆ ನಾವು ಹೋಗಿರಲಿಲ್ಲ. ಅವರು ಹೋದರು. 2017ರ ಕೊನೆಗೆ ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್, ಅದೂ ಪೂರಾ ಖಾತರಿ ಎಂದು ಬರೆದುಕೊಟ್ಟು ಫಿಷರ್ ಅವರನ್ನು ಫ್ಲೋರಿಡಾ ಸ್ಟೇಟ್‌ನಿಂದ ಕರೆತಂದಾಗ, ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್ ಜಾನ್ ಶಾರ್ಪ್ ಒಂದು ಫಲಕವನ್ನು ಅವರ ಕೈಗಿತ್ತರು. ರಾಷ್ಟ್ರೀಯ ಚಾಂಪಿಯನ್ಸ್ ಎಂದು ಅದರಲ್ಲಿ ಕೆತ್ತಿತ್ತು. ಇಸವಿಯ ಜಾಗದಲ್ಲಿ 20 ಎಂಬ ಎರಡು ಅಂಕಿಗಳು, ಮುಂದಿನ ಎರಡು ಅಂಕಿಗಳಿಗೆ ಖಾಲಿ ಜಾಗ. ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಯನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಇಷ್ಟು ಹಣ ಕೊಟ್ಟು ಯಾರೂ ಕೇಳುವುದಿಲ್ಲ.

2020ರಲ್ಲಿ ತಂಡ ಹತ್ತರಲ್ಲಿ ಒಂಬತ್ತು ಪಂದ್ಯ ಗೆದ್ದಿತು. ಇಷ್ಟು ಸಾಕಾಯಿತು. ಇನ್ನೊಬ್ಬರು ಕೋಚನ್ನು ಹಾರಿಸಿಕೊಂಡು ಹೋದರೇನು ಗತಿ ಎಂಬ ಹೆದರಿಕೆಗೆ 2021ರಲ್ಲಿ ಹಳೆಯ ಕರಾರಿನ ಮೇಲೆ ಹೊಸ ಕರಾರು ಬಂತು, ವರ್ಷಕ್ಕೆ 90 ಲಕ್ಷ ಡಾಲರಿನ ಆಸುಪಾಸಿನ ಸಂಬಳದ್ದು. ಮರುವರ್ಷ ದೇಶದಲ್ಲೇ ಅತ್ಯುತ್ತಮ ಎಂದು ಎಣಿಸಲಾದ ಹೊಸ ಹುಡುಗರ ಪಡೆ ಬಂದು ಸೇರಿತು. ಅದೇ ಸೆಪ್ಟೆಂಬರಿನಲ್ಲಿ, ಸುಲಭವಾಗಿ ಸೋಲಿಸಬಹುದೆಂಬ ಲೆಕ್ಕದಲ್ಲಿ 15 ಲಕ್ಷ ಡಾಲರ್ ಕೊಟ್ಟು ಕರೆಸಿಕೊಂಡ ಅಪಲಾಚಿಯನ್ ಸ್ಟೇಟ್ ತಂಡ 17-14ರಿಂದ ಗೆದ್ದು, ಚೆಕ್ಕನ್ನೂ ಕಿಸೆಗಿಳಿಸಿ ಊರಿಗೆ ಹೊರಟಿತು. ಆ ಸೀಸನ್ ಮುಗಿದಾಗ ಗೆಲುವು ಐದು, ಸೋಲು ಏಳು.

ಇಲ್ಲಿಂದ ಶುರುವಾದ ಚರ್ಚೆ ಒಂದು ವರ್ಷ ನಿಲ್ಲಲಿಲ್ಲ. ದಾಳಿಯ ತಂತ್ರಗಳನ್ನು ಕೋಚ್ ತಾನೇ ಹೇಳಿಕೊಡುವುದೇ ಎಲ್ಲ ಅನಿಷ್ಟಕ್ಕೆ ಮೂಲ ಎಂದು ಒಂದು ಪಂಗಡ. ಸರಿ, ಆ ಕೆಲಸಕ್ಕೆ ಬಾಬಿ ಪೆಟ್ರಿನೊ ಎಂಬ ಹಳೆಯ ಹುಲಿಯನ್ನು ತಂದರು. ಆಗ ಅದೇ ಪಂಗಡ, ತಂತ್ರ ಹೇಳಿಕೊಡದ ಕೋಚಿಗೆ ಇಷ್ಟು ಸಂಬಳವೇಕೆ ಎಂದು ಕೇಳಿತು. ತಾಳ್ಮೆ ಬೇಕು ಎಂದವನನ್ನು ಎದುರಾಳಿ ತಂಡದ ಬೇಹುಗಾರ ಎಂಬಂತೆ ನೋಡಿದರು. ಚೆಂಡೆಸೆದು ದಾಳಿ ನಡೆಸುವ ಆಟಗಾರನಿಗೆ, ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ, ಕಾಲು ನೋವಾದದ್ದೂ ಕೋಚಿನ ಖಾತೆಗೆ ಜಮೆಯಾಯಿತು. ತಮಾಷೆಯೆಂದರೆ, ಎರಡು ವರ್ಷ ಹಿಂದೆ ಈ ಕೋಚನ್ನು ಯಾರಿಗೂ ಬಿಟ್ಟುಕೊಡಬೇಡಿ, ಕೇಳಿದಷ್ಟು ಕೊಡಿ ಎಂದು ಗಂಟಲು ಹರಿದುಕೊಂಡವರು ಇವರೇ. ಈಗ, ಹೋದರೆ ಸಾಕು, ಕೇಳಿದಷ್ಟು ಕೊಡಿ ಎಂದರು. ಬೇಡಿಕೆ ತಿರುಗುಮುರುಗಾದರೂ ಮೊತ್ತದಲ್ಲಿ ಅವರು ಮಾತು ತಪ್ಪಲಿಲ್ಲ.

ಹಣ ಯಾರದ್ದು? ಸರ್ಕಾರದ್ದಲ್ಲ, ಕ್ರೀಡಾ ವಿಭಾಗದ ಗಳಿಕೆ ಮತ್ತು ದಾನಿಗಳದ್ದು ಎಂದು ಸಮಜಾಯಿಷಿ ಬಂತು. ದಾನಗಳಲ್ಲಿ ಅನ್ನದಾನ, ವಿದ್ಯಾದಾನ ಶ್ರೇಷ್ಠ ಎಂದು ಕೇಳಿದ್ದೆವು. ವಿದ್ಯಾಲಯದ ಹೆಸರಿನಲ್ಲಿ ವಜಾದಾನವೂ ಉಂಟೆಂದು ಗೊತ್ತಿರಲಿಲ್ಲ. ಅಪ್ಪನ ಮನೆಪತ್ರ ಬ್ಯಾಂಕಿನಲ್ಲಿಟ್ಟು ಎಂಎಸ್ ಓದಲು ಕರ್ನಾಟಕದಿಂದ ಅಮೆರಿಕಕ್ಕೆ ಹೋದ ಹುಡುಗರು ಇಂಥ ಸುದ್ದಿಗಳನ್ನು ಯಾವ ಮುಖಭಾವದಿಂದ ಓದುತ್ತಾರೋ, ನನಗೆ ನೋಡುವ ಆಸೆಯಿದೆ. ಫಿಷರ್ ಪರವಾಗಿ ಮಾತಾಡಿದ ಏಜೆಂಟ್ ಜಿಮ್ಮಿ ಸೆಕ್ಸ್ಟನ್ ಅಂತೂ ಎಂಥ ಸೀಸನ್‌ನಲ್ಲೂ ಸೋತ ದಾಖಲೆಯಿಲ್ಲ. ಹುಚ್ಚರ ಮದುವೆಯಲ್ಲಿ ಉಂಡವನೇ ಜಾಣ.

ಹೊಸ ಕೋಚಿನ ಹುಡುಕಾಟ ಅದಕ್ಕಿಂತ ಸೊಗಸು. ಕೆಂಟಕಿ ವಿಶ್ವವಿದ್ಯಾಲಯದ ಕೋಚ್ ಮಾರ್ಕ್ ಸ್ಟೂಪ್ಸ್ ಜೊತೆ ಮಾತುಕತೆ ಹತ್ತಿರಹತ್ತಿರ ಮುಗಿದಿದೆ ಎಂಬ ಸುದ್ದಿ ಒಂದು ಶನಿವಾರ ರಾತ್ರಿ ಹೊರಬಿತ್ತು. ಇಂಥ ಸಾಧಾರಣ ಮನುಷ್ಯನಿಗಾಗಿಯೇ ನಾವು 630 ಕೋಟಿ ಸುಟ್ಟದ್ದು ಎಂದು ಅಭಿಮಾನಿಗಳು ಬೊಬ್ಬೆಯಿಟ್ಟರು. ಬೆಳಕು ಹರಿಯುವಷ್ಟರಲ್ಲಿ ಸ್ಟೂಪ್ಸ್ ಕೆಂಟಕಿಯಲ್ಲೇ ಉಳಿಯುವುದು ಖಚಿತವಾಗಿತ್ತು. ಕೊನೆಗೆ ಬಂದವರು ಮೈಕ್ ಎಲ್ಕೊ. ಇವರು ಫಿಷರ್ ಕೈಕೆಳಗೆ ಅದೇ ಮೈದಾನದಲ್ಲಿ ನಾಲ್ಕು ವರ್ಷ ರಕ್ಷಣಾ ವಿಭಾಗ ನೋಡಿಕೊಂಡಿದ್ದವರೇ.

ಪಕ್ಕದ ಲೂಯಿಸಿಯಾನ ರಾಜ್ಯ ಫಿಷರ್ ಅವರ ಮೊದಲ ಕರಾರನ್ನು ಕಂಡು ಪಾಠ ಕಲಿಯಿತೇ? ಕಲಿಯಿತು. ಫಿಷರ್ ಅವರನ್ನು ತಂದ ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಅವರನ್ನೇ 2019ರಲ್ಲಿ ಅಲ್ಲಿನ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ, ಅಂದರೆ ಎಲ್‌ಎಸ್‌ಯು, ಕರೆಸಿಕೊಂಡಿತು; ಅವರು 2021ರಲ್ಲಿ ಕೋಚ್ ಬ್ರಯಾನ್ ಕೆಲ್ಲಿ ಅವರೊಂದಿಗೆ ಹತ್ತು ವರ್ಷದ, 9.5 ಕೋಟಿ ಡಾಲರಿನ ಕರಾರು ಮಾಡಿದರು. ಕೆಲ್ಲಿ ಮ್ಯಾಸಚೂಸೆಟ್ಸ್‌ನವರು. ಬಂದ ಹೊಸದರಲ್ಲೇ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಮೈಕ್ ಹಿಡಿದು, ಹುಟ್ಟಾ ದಕ್ಷಿಣದವರಂತೆ ರಾಗ ಎಳೆದು ಮಾತಾಡಿ ದೇಶವನ್ನೆಲ್ಲ ನಗಿಸಿದರು. 48 ಪಂದ್ಯಗಳಲ್ಲಿ 34 ಗೆದ್ದರು. 2025ರ ಅಕ್ಟೋಬರ್ 25ರಂದು ತಮ್ಮದೇ ಅಂಗಳದಲ್ಲಿ ಎಲ್ಕೊ ಅವರ ಎ ಅಂಡ್ ಎಂ ಎದುರು 49-25ರಿಂದ ಸೋತರು. ಮರುದಿನವೇ ವಜಾ, ಬಾಕಿ ಸುಮಾರು 5.4 ಕೋಟಿ ಡಾಲರ್. ಮುಂದಿನ ಕೋಚಿನ ಆಯ್ಕೆಯನ್ನು ವುಡ್‌ವರ್ಡ್‌ಗೆ ಬಿಡುವುದಕ್ಕಿಂತ ಡೊನಾಲ್ಡ್ ಟ್ರಂಪ್‌ಗೆ ಬಿಡುವುದು ಮೇಲು ಎಂದು ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ ಗುಡುಗಿದರು. ರಾಜ್ಯದಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ. ವುಡ್‌ವರ್ಡ್ ಕೂಡ ಗಂಟುಮೂಟೆ ಕಟ್ಟಿದರು.

ಆಮೇಲೆ ಹಣ ಕೊಡುವ ಹೊತ್ತು ಬಂತಲ್ಲ, ಕೆಲ್ಲಿ ಅವರನ್ನು ವಿಧಿಪೂರ್ವಕವಾಗಿ ವಜಾ ಮಾಡಿಯೇ ಇಲ್ಲ ಎಂಬ ವಾದ ಹುಟ್ಟಿತು. ಕೆಲಸ ಕಳೆದುಕೊಂಡವರು ಮರಳಿ ಕೊಡಿಸಿ ಎಂದು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ನನ್ನನ್ನು ನಿಜಕ್ಕೂ ಕೆಲಸದಿಂದ ತೆಗೆದಿದ್ದಾರೆ ಎಂದು ತೀರ್ಪು ಕೊಡಿ ಎಂದು ಕೆಲ್ಲಿ ಹತ್ತಿದರು! ಕಡೆಗೆ ವಿಶ್ವವಿದ್ಯಾಲಯ, ತೆಗೆದದ್ದು ಹೌದು ಎಂದು ಒಪ್ಪಿಕೊಂಡಿತು. ಅವರ ಜಾಗಕ್ಕೆ ಬಂದ ಲೇನ್ ಕಿಫಿನ್, ಪ್ಲೇಆಫ್ ಹೊಸ್ತಿಲಲ್ಲಿದ್ದ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ತಂಡವನ್ನು ಅಲ್ಲೇ ಬಿಟ್ಟು ಬಂದರು. ಇದ್ದಿದ್ದರೆ ಸಿಗುತ್ತಿದ್ದ ಪ್ಲೇಆಫ್ ಬೋನಸ್ಸನ್ನೂ ಹೊಸ ಧಣಿಯೇ ಕೊಡುವ ಒಪ್ಪಂದವಾಯಿತು. ಅಂದರೆ ಎದುರಾಳಿ ಗೆದ್ದಷ್ಟೂ ಎಲ್‌ಎಸ್‌ಯು ತನ್ನ ಕೋಚಿಗೆ ಹಣ ತೆರಬೇಕು.

ಅತ್ತ ಎಲ್ಕೊ ಅವರ ತಂಡ ಸತತ ಹನ್ನೊಂದು ಪಂದ್ಯ ಗೆದ್ದಿತು. ಅದು ಮುಗಿಯುವವರೆಗೂ ಕಾಯುವ ಸಹನೆ ವಿಶ್ವವಿದ್ಯಾಲಯಕ್ಕೆ ಇರಲಿಲ್ಲ. ನವೆಂಬರಿನಲ್ಲೇ ಮೊದಲಿಗಿಂತ ದೊಡ್ಡ ಹೊಸ ಕರಾರು ಕೈಗೆ ಕೊಟ್ಟಿತು. ಆಮೇಲೆ ಬದ್ಧವೈರಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎದುರು ಸೋಲು. ಡಿಸೆಂಬರ್ 20ರಂದು ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ, ಅದೇ ಕೈಲ್ ಫೀಲ್ಡ್‌ನಲ್ಲಿ ಮಯಾಮಿ ಎದುರು 10-3ರ ಸೋಲು. ಕೊನೆಯ ಕ್ಷಣದ ಎಸೆತ ಎದುರಾಳಿಯ ಕೈಸೇರಿತು. ಕರಾರಿಗೆ ಸಹಿ ಬಿದ್ದು ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಜನ ಹೊರಬಾಗಿಲು ದಾಟುವ ಮೊದಲೇ ಚರ್ಚೆ ಹೊತ್ತಿಕೊಂಡಿತ್ತು: ಕೊನೆಯಲ್ಲಿ ಆ ಎಸೆತ ಹೇಳಿಕೊಟ್ಟವರು ಯಾರು?