ದಿನಬಳಕೆಗೆ ಖಾಸಗಿತನದ ಫೋನ್: ಬೇಕೇ, ಬೇಡವೇ?

ಪರ: ನಿಮ್ಮ ಫೋನಿನಲ್ಲಿ ನನ್ನ ನಂಬರೂ ಇದೆ
(ಶಿರಸಿಯಿಂದ)

ಆ್ಯಪುಗಳು ನಮ್ಮ ಮಾಹಿತಿ ಎತ್ತಿಕೊಳ್ಳದಂತೆ ತಡೆಯುವ ತಂತ್ರಾಂಶವನ್ನು ಫೋನಿಗೆ ಹಾಕಿಕೊಳ್ಳಿ ಅಂದರೆ ಸಾಕು, ಎಲ್ಲರ ಉತ್ತರ ಒಂದೇ: "ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?" ಏನೂ ಇಲ್ಲದೆ ಇರಬಹುದು. ಆದರೆ ನಿಮ್ಮ ಫೋನಿನಲ್ಲಿ ನನ್ನ ನಂಬರು ಇದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ನಂಬರು ಇದೆ, ಪಕ್ಕದ ಮನೆ ಹುಡುಗಿಯದು ಇದೆ, ಪೂಜೆಗೆ ಬರುವ ಭಟ್ಟರದು ಇದೆ. ಅವರೆಲ್ಲ ನಿಮ್ಮನ್ನು ನಂಬಿ ಕೊಟ್ಟದ್ದು. ಅದನ್ನು ಯಾವುದೋ ಆ್ಯಪಿಗೆ ಒಪ್ಪಿಸುವ ಹಕ್ಕು ನಿಮಗೆ ಎಲ್ಲಿಂದ ಬಂತು?

ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ನೆಂಟರೊಬ್ಬರು, ನನಗೆ ಭಾವ ಆಗಬೇಕು, ಔಷಧಿ ಹೊಡೆಸಿದರೂ ಕೊಳೆರೋಗ ನಿಲ್ಲದೆ ಅಡಿಕೆಯೆಲ್ಲ ಉದುರಿ ಕೈ ಖಾಲಿಯಾದ ವರ್ಷ, ಸೊಸೈಟಿಯಲ್ಲಿ ಮತ್ತೆ ಕೇಳಲು ನಾಚಿಕೆಯಾಗಿ ಫೋನಿನಲ್ಲೇ ಒಂದು ಸಾಲದ ಆ್ಯಪ್ ಹಾಕಿಕೊಂಡರು. ಸಾಲ ಸಣ್ಣದು. ಕಾಂಟ್ಯಾಕ್ಟ್ ನೋಡಲು ಅನುಮತಿ ಕೊಡದೆ ಆ್ಯಪ್ ಮುಂದಕ್ಕೇ ಹೋಗುತ್ತಿರಲಿಲ್ಲ. ಕೊಟ್ಟರು. ಕಂತು ತಪ್ಪಿದ್ದೇ ತಡ, ಊರಿನಲ್ಲಿ ಒಬ್ಬೊಬ್ಬರಿಗೇ ಫೋನ್ ಬರತೊಡಗಿತು. ಮೊದಲು ಅಕ್ಕನಿಗೆ, ಆಮೇಲೆ ಮಗಳ ಶಾಲೆಯ ಟೀಚರಿಗೆ, ಆಮೇಲೆ ಕೊನೆಗೌಡರಿಗೆ. ಹಿಂದಿಯಲ್ಲಿ ಬೈಗುಳ. ಕೊನೆಗೌಡರಿಗೆ ಹಿಂದಿ ಬರುವುದಿಲ್ಲ, ಆದರೆ ಬೈಯುತ್ತಿದ್ದಾರೆಂದು ತಿಳಿಯಲು ಹಿಂದಿ ಬರಬೇಕಾ? ಅವರು ಸೀದಾ ಮನೆಗೇ ಬಂದು ಅಂಗಳದಲ್ಲಿ ನಿಂತು, "ಹೆಗಡೇರೇ, ನಾ ಯಾರ ಹತ್ರ ಸಾಲ ಮಾಡಿದ್ದೆ?" ಎಂದು ಕೇಳಿದರು. ಆ ವರ್ಷ ಭಾವ ಮದುವೆ, ಮುಂಜಿಗೆ ಹೋಗುವುದನ್ನೇ ಬಿಟ್ಟರು. ಅಕ್ಕ ಒಬ್ಬಳೇ ಹೋಗಿ, ಊಟ ಮುಗಿದ ಕೂಡಲೇ ಎದ್ದು ಬರುತ್ತಿದ್ದಳು.

ಸಾಲ ಮಾಡಿದ್ದು ಒಬ್ಬರು, ಬೈಸಿಕೊಂಡದ್ದು ಊರು. ಫೋನ್ ಬದಲಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನಾನು ಬಳಸುವುದು ಗ್ರಾಫೀನ್ ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ. ಆಂಡ್ರಾಯ್ಡ್‌ನ ಮುಕ್ತ ಕೋಡಿನ ಮೇಲೇ ಕಟ್ಟಿದ್ದು, ಪುಕ್ಕಟೆ ಸಿಗುತ್ತದೆ. ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ ಬ್ರೌಸರಿನಿಂದಲೇ ಹಾಕಿಕೊಳ್ಳಬಹುದು. ಅದರಲ್ಲಿ ಕಾಂಟ್ಯಾಕ್ಟ್ ಸ್ಕೋಪ್ಸ್ ಅಂತ ಒಂದು ಸೌಲಭ್ಯ ಇದೆ. ಅನುಮತಿ ಸಿಕ್ಕಿದೆ ಅಂತಲೇ ಆ್ಯಪ್ ತಿಳಿದುಕೊಳ್ಳುತ್ತದೆ, ಆದರೆ ಅದಕ್ಕೆ ಕಾಣುವುದು ನಾವು ಆರಿಸಿ ಕೊಟ್ಟ ನಂಬರುಗಳು ಮಾತ್ರ. ಏನೂ ಆರಿಸದಿದ್ದರೆ ಖಾಲಿ ಪಟ್ಟಿ. ಭಾವನ ಫೋನಿನಲ್ಲಿ ಇದೊಂದು ಇದ್ದಿದ್ದರೆ ಟೀಚರಿಗೆ ಫೋನ್ ಹೋಗುತ್ತಿತ್ತಾ? ಫೋಟೊ, ಫೈಲುಗಳಿಗೂ ಇದೇ ಕಟ್ಟು. ಯಾವ ಆ್ಯಪಿಗೆ ಬೇಡವೋ ಅದರ ಇಂಟರ್ನೆಟ್ಟನ್ನೇ ತೆಗೆಯಬಹುದು. ಮಾಮೂಲಿ ಆಂಡ್ರಾಯ್ಡ್‌ನಲ್ಲಿ ಇಂಟರ್ನೆಟ್ ಕೊಡಲಾ ಬೇಡವಾ ಎಂದು ನಮ್ಮನ್ನು ಕೇಳುವುದೇ ಇಲ್ಲ, ಇನ್‌ಸ್ಟಾಲ್ ಆದಾಗಲೇ ಕೊಟ್ಟಾಗಿರುತ್ತದೆ. ಟಾರ್ಚ್ ಆ್ಯಪಿಗೆ ಇಂಟರ್ನೆಟ್ ಯಾಕೆ ಬೇಕು, ಹೇಳಿ. ಗೂಗಲ್ಲನ್ನು ಪೂರ್ತಿ ಬಿಡಲೇಬೇಕು ಅಂತಲೂ ಇಲ್ಲ. ಪ್ಲೇ ಸ್ಟೋರ್ ಬೇಕಿದ್ದರೆ ಹಾಕಿಕೊಳ್ಳಿ. ಆದರೆ ಅದಕ್ಕೆ ವಿಶೇಷ ಅಧಿಕಾರ ಇರುವುದಿಲ್ಲ, ಉಳಿದ ಆ್ಯಪುಗಳ ಜೊತೆ ಅದೇ ಪಂಕ್ತಿಯಲ್ಲಿ ಕೂರಬೇಕು.

ಬ್ಯಾಂಕಿನ ಆ್ಯಪ್ ಓಡುವುದಿಲ್ಲ ಅನ್ನುತ್ತಾರೆ. ಬ್ಯಾಂಕಿಗೆ ಹೋಗಿ! ಪೇಟೆಗೆ ಹೇಗೂ ಬರುತ್ತೀರಿ ಅಲ್ವಾ? ಬಟನ್ ಫೋನಿನಿಂದಲೇ ಹಣ ಕಳಿಸುವ ಯುಪಿಐ 123ಪೇ 2022ರಲ್ಲೇ ಬಂದಿದೆ. ಮನಸ್ಸಿದ್ದವರಿಗೆ ಇದೊಂದು ನೆಪ ಆಗುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬರುವಾಗ ಅವರಿಗೆ 90 ದಾಟಿತ್ತು. ಅಂಥ ಹಿರಿಯರು ನಮ್ಮೆಲ್ಲರಿಗಾಗಿ ದಿಲ್ಲಿಯವರೆಗೆ ಹೋದರು. ನಮಗೆ ಒಂದು ಸಂಜೆ ಕೂತು ಫೋನ್ ಸರಿ ಮಾಡಿಕೊಳ್ಳಲು ಪುರುಸೊತ್ತಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ವಿರೋಧ: ಅಪ್ಪನ ಪಿಂಚಣಿ ಇರುವ ಫೋನಿಗೆ ಇದು ಬೇಡ
(ಕಾರವಾರದಿಂದ)

ವಿರೋಧದ ಪಾಲು ನನಗೆ ಬಂದಿದೆ. ಖಾಸಗಿತನ ಬೇಡ ಅನ್ನುವವನು ನಾನಲ್ಲ. ಮನೆ ನಡೆಸುವ ಒಂದೇ ಫೋನಿಗೆ ಗ್ರಾಫೀನ್‌ನಂಥದ್ದನ್ನು ಹಾಕಬೇಡಿ ಅನ್ನುವಷ್ಟು ಮಾತ್ರ ನನ್ನ ಮಾತು.

ಮೊದಲು ದುಡ್ಡಿನ ವಿಷಯ. ಗ್ರಾಫೀನ್ ಓಎಸ್ ಇಷ್ಟು ದಿನ ಬಂದಿರುವುದು ಪಿಕ್ಸೆಲ್ ಫೋನ್‌ಗಳಿಗಾಗಿ. ಅಂದರೆ ಗೂಗಲ್ಲನ್ನು ದೂರ ಇಡಲು ಗೂಗಲ್ಲಿನದೇ ಫೋನ್ ಕೊಳ್ಳಬೇಕು, ಅದೂ ಅಗ್ಗದ್ದಲ್ಲ. ಕೈಯಲ್ಲಿರುವ ರೆಡ್‌ಮಿಗೆ ಅದು ಬರುವುದಿಲ್ಲ. ಇಂಥದ್ದೇ ಇನ್ನೊಂದು ತಂತ್ರಾಂಶ ಲಿನೇಜ್ ಓಎಸ್ ತುಂಬಾ ಬಗೆಯ ಫೋನ್‌ಗಳಿಗೆ ಸಿಗುತ್ತದೆ, ನಿಜ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬೂಟ್‌ಲೋಡರನ್ನು, ಅಂದರೆ ಫೋನ್ ಆನ್ ಆಗುವಾಗ ಮೊದಲು ಓಡುವ ಭಾಗದ ಬೀಗವನ್ನು, ತೆರೆದೇ ಇಟ್ಟಿರಬೇಕಾಗುತ್ತದೆ. ಅಂಥ ಫೋನ್ ಕಳ್ಳನ ಕೈಗೆ ಸಿಕ್ಕರೆ ಮೊದಲಿಗಿಂತ ಜಾಸ್ತಿ ಅಪಾಯ.

ಆ್ಯಪುಗಳದ್ದು ಇನ್ನೂ ದೊಡ್ಡ ತೊಂದರೆ. ಬ್ಯಾಂಕಿನ ಕೆಲವು ಆ್ಯಪುಗಳು ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆಯ ಮೂಲಕ "ಈ ಫೋನನ್ನು ಗೂಗಲ್ ಒಪ್ಪಿದೆಯೇ?" ಎಂದು ನೋಡುತ್ತವೆ. ಒಪ್ಪದಿದ್ದರೆ ತೆರೆಯುವುದಿಲ್ಲ. ಫೋನ್ ಎಷ್ಟು ಭದ್ರವಾಗಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಇದು ಅನ್ಯಾಯ ಅಂತ ನಾನೂ ಒಪ್ಪುತ್ತೇನೆ, ಆದರೆ ಇರುವುದು ಹೀಗೇ. ಇವತ್ತು ಓಡುವ ಆ್ಯಪ್ ನಾಳೆಯ ಅಪ್‌ಡೇಟಿನ ನಂತರ ನಿಲ್ಲಬಹುದು. ಬಂಗಡೆ ಬುಟ್ಟಿಯ ಮುಂದೆಯೂ ಕ್ಯೂಆರ್ ಕೋಡ್ ಇರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ನಮ್ಮ ಅಪ್ಪ ಪಿಂಚಣಿದಾರರು. ಮಂಡಿ ನೋವು ಬೇರೆ. ಬದುಕಿದ್ದೇನೆ ಎಂಬ ಪ್ರಮಾಣಪತ್ರ ಕೊಡಲು ಪ್ರತಿ ನವೆಂಬರಿನಲ್ಲಿ ಆಟೋ ಹಿಡಿದು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಬೆರಳಚ್ಚಿನ ಯಂತ್ರ ಅವರ ಸವೆದ ಬೆರಳನ್ನು ಗುರುತಿಸುತ್ತಿರಲಿಲ್ಲ, ಒರೆಸಿ ಒರೆಸಿ ಒತ್ತಬೇಕಿತ್ತು. ಫೋನಿಗೆ ಮುಖ ತೋರಿಸಿಯೇ ಪ್ರಮಾಣಪತ್ರ ಕೊಡುವ ಸೌಲಭ್ಯ 2021ರ ನವೆಂಬರಿನಲ್ಲಿ ಬಂತು. ಈಗ ಅಪ್ಪ ಜಗಲಿಯಲ್ಲಿ ಕೂತು ಕಣ್ಣು ಮಿಟುಕಿಸುತ್ತಾರೆ, ಕೆಲಸ ಮುಗಿಯುತ್ತದೆ. ಆ ದಿನ ಅವರ ಮುಖ ನೋಡಬೇಕು! ಈ ಆ್ಯಪ್ ನಿಂತರೆ ಅಪ್ಪ ಮತ್ತೆ ಆಟೋ ಹತ್ತಬೇಕು. ಅವರ ಹತ್ತಿರ ಕಾಂಟ್ಯಾಕ್ಟ್ ಸ್ಕೋಪ್ಸ್ ಬಗ್ಗೆ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಸಾಲದ ಆ್ಯಪುಗಳ ಕಾಟವನ್ನು ಪರ ವಹಿಸುವವರೆಲ್ಲ ಎತ್ತುತ್ತಾರೆ. ಅವು ಕಾಂಟ್ಯಾಕ್ಟ್, ಫೋಟೊ ನೋಡಬಾರದು ಎಂದು ಪ್ಲೇ ಸ್ಟೋರಿನಲ್ಲೇ 2023ರ ಮೇ 31ರಿಂದ ನಿಯಮ ಇದೆ. ಮೋಸ ಹೋದರೆ 1930ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಇನ್ನೊಂದು ಫೋನ್ ಇಟ್ಟುಕೊಳ್ಳುವ ಶಕ್ತಿ ಇದ್ದವರು ಅದರಲ್ಲಿ ಗ್ರಾಫೀನ್ ಹಾಕಿಕೊಳ್ಳಲಿ, ನಾನೂ ಹಾಕಿಕೊಂಡೇನು. ಆದರೆ ಕರೆಂಟ್ ಬಿಲ್ಲು, ಗ್ಯಾಸ್, ಪಿಂಚಣಿ ಎಲ್ಲ ಒಂದೇ ಫೋನಿನಲ್ಲಿರುವ ಮನೆಗಳೇ ನಮ್ಮ ಕಡೆ ಜಾಸ್ತಿ. ಗ್ರಾಫೀನ್ ಹಾಕಿಕೊಟ್ಟ ಮನೆಯ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ, ಏನಾದರೂ ನಿಂತರೆ ಅಪ್ಪ ಅಮ್ಮ ಯಾರನ್ನು ಕೇಳಬೇಕು?